ಹೆಸರು ಹೇಳಬಾರದ ಬೇರು

ಆಗಿನ ಕಾಲಕ್ಕೆ ನಮ್ಮ ತಳಕಲ್ ಕಡೆ ನಾಟಿ ಔಷಧ ಕೊಡುವವರು ಅದರ ಹೆಸರು ಹೇಳುತ್ತಿರಲಿಲ್ಲ. ಹೇಳಿದರೆ ಬೇರಿನ ಗುಣ ಹೋಗುತ್ತದೆ ಎಂಬ ನಂಬಿಕೆ. ನಮ್ಮ ಆಯಿ, ಅಂದರೆ ಅವ್ವನ ತಾಯಿ, ಕೈಕಾಲು ಬಾತವರಿಗೆ ಬೇರು ಕೊಡುವುದರಲ್ಲಿ ಗಟ್ಟಿಗಿತ್ತಿ. ಅದನ್ನು ಹಾಲಿನಲ್ಲಿ ಕುದಿಸುವಾಗ ನಮ್ಮನ್ನೆಲ್ಲ ಹೊರಗೆ ಅಟ್ಟುತ್ತಿದ್ದಳು. ಕಹಿ ವಾಸನೆ ಮಾತ್ರ ಪಡಸಾಲೆವರೆಗೂ ಬರುತ್ತಿತ್ತು.

ಅದು ಸೀತನಿಯ ಕಾಲ. ಎಳೆ ಜೋಳದ ತೆನೆ ಸುಟ್ಟು, ಉಜ್ಜಿ, ಶೇಂಗಾ ಚಟ್ನಿಯ ಜೊತೆ ಮುಕ್ಕುವ ದಿನಗಳು. ಕಲ್ಲು ತೂರಿ ಹಿಡಿಯುವ ಆಣಿಕಲ್ಲು ಆಟ ಆಡುವಾಗ ತಾನೇ ಸೋತು ತಾನೇ ಜಗಳ ತೆಗೆಯುತ್ತಿದ್ದ ನನ್ನ ಅಕ್ಕನಿಗೆ ಆ ವರ್ಷ ಕಾಲು ಬಾತು, ದಮ್ಮು ಹತ್ತತೊಡಗಿತು. ಗುಂಡಿಗೆ ಸೋತಿದೆ ಎಂದು ದವಾಖಾನೆಯ ಡಾಕ್ಟರು ಹನಿ ಔಷಧ ಕೊಟ್ಟರು. ಬಾವು ಇಳಿಯಿತು. ಅಷ್ಟಕ್ಕೇ ಬಿಡಬಾರದಿತ್ತೇ! ಬೇಗ ಗುಣವಾಗಲಿ ಅಂತ ಆಯಿ ತನ್ನ ಬೇರನ್ನೂ ಕುಡಿಸಿದಳು. ಮೊಮ್ಮಗಳ ಮೇಲಿನ ಮಾಯೆ, ಬೇರೇನಲ್ಲ.

ಕೆಲವೇ ದಿನಗಳಲ್ಲಿ ಅಕ್ಕನಿಗೆ ವಾಂತಿ ಹಿಡಿಯಿತು. ಅಪ್ಪ ಚಕ್ಕಡಿ ಕಟ್ಟಿಕೊಂಡು ಹೋಗಿ ಡಾಕ್ಟರನ್ನು ಕರೆತಂದ.

"ಬ್ಯಾರೆ ಔಷಧ ಏನರ ಕೊಟ್ಟೀರೇನಮ್ಮಾ?" ಎಂದು ಅವರು ಆಯಿಯನ್ನು ಕೇಳಿದರು.

"ಇಲ್ಲರಿ ಸಾಹೇಬ್ರ."

"ಖರೇ ಹೇಳ್ರಿ."

"ದೇವರಾಣಿ, ಏನೂ ಇಲ್ಲರಿ."

ರೋಗವೇ ಜೋರಾಗಿದೆ ಎಂದುಕೊಂಡು, ಹನಿ ಬಿಡಬೇಡಿ ಎಂದು ಹೇಳಿ ಅವರು ಹೋದರು. ಎರಡೂ ಔಷಧ ನಡೆದವು. ನಾನು ಸೀತನಿ ಒಯ್ದು ಕೊಟ್ಟರೆ ಅಕ್ಕ ದಿಟ್ಟಿಸಿ ನೋಡಿ, "ಇವು ಯಾಕ ಹಳದಿ ಕಾಣ್ತಾವ ತಂಗಿ? ನಿನ್ನ ಮಾರಿನೂ ಹಳದಿ ಐತಿ" ಅಂದಳು. ಮರುದಿನ ಅಕ್ಕ ಇರಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಆಯಿ ಅಂಗಳದಲ್ಲಿ ಎದೆ ಬಡಿದುಕೊಂಡಳು. "ಕಣಗಿಲ ಬೇರು ಕೊಟ್ಟಿದ್ದೆ! ಕೊಟ್ಟೀನಿ ಅಂದ್ರ ಹೆಸರು ಕೇಳ್ತಾರ, ಹೆಸರು ಹೇಳಿದ್ರ ಗುಣ ಹೋಗ್ತೈತಿ, ಕೂಸು ಉಳಿಯಂಗಿಲ್ಲ ಅಂತ ಬಾಯಿ ಮುಚ್ಚಿದೆನಪೋ!"

ಅಪ್ಪ ಹೋಗಿ ತಿಳಿಸಿದಾಗ ಡಾಕ್ಟರು ತಲೆ ಹಿಡಿದುಕೊಂಡು ಕೂತರಂತೆ. ಅವರ ಹನಿಯೂ ಆಯಿಯ ಬೇರೂ ಗುಂಡಿಗೆಯ ಮೇಲೆ ಒಂದೇ ಕೆಲಸ ಮಾಡುವಂಥವು. ಎರಡೂ ಕೂಡಿ ವಿಷವಾಗಿದ್ದವು. ಕಣ್ಣಿಗೆ ಎಲ್ಲ ಹಳದಿ ಕಾಣುವುದು ಆ ವಿಷದ್ದೇ ಗುರುತಂತೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆಡದಿದ್ದರೂ ಹೋಗುತ್ತದೆ, ಅದನ್ನು ನಮ್ಮನ್ನು ಕೇಳಬೇಕು.

ಆಮೇಲೆ ಯಾರು ಬೇರು ಕೇಳಿ ಬಂದರೂ ಆಯಿ ಬಾಗಿಲಲ್ಲೇ, "ಅದು ಕಣಗಿಲರಿ. ವಿಷ ಅದು. ದವಾಖಾನಿಗೆ ಹೋಗ್ರಿ" ಅನ್ನುತ್ತಿದ್ದಳು. ಗುಣ ಹೋಗಲಿ ಅಂತಲೇ ಹೆಸರು ಹೇಳುತ್ತಿದ್ದಳು.

ಈಗ ನನಗೂ ವಯಸ್ಸಾಗಿದೆ. ಬೇರೆ ಏನಾದರೂ ತೆಗೆದುಕೊಳ್ಳುತ್ತೀರಾ ಎಂದು ಡಾಕ್ಟರು ಕೇಳಿದರೆ ಕುಡಿದ ಕಷಾಯ, ನುಂಗಿದ ಪುಡಿ ಎಲ್ಲ ಹೇಳಿಬಿಡುತ್ತೇನೆ. ಹೇಳುವಾಗ ಪ್ರತಿ ಸಲವೂ ಕಣ್ಣು ತುಂಬುತ್ತದೆ. ಎಷ್ಟು ಸಣ್ಣ ಮಾತು! ಅಂದು ಆಯಿ ಅದನ್ನು ಆಡಿದ್ದರೆ ನನಗೂ ಒಬ್ಬಳು ಅಕ್ಕ ಇರುತ್ತಿದ್ದಳು.