ಬೀಗದ ಹೊರಗಿನ ಕಾರ್ಡು

ಅರವತ್ತರ ದಶಕದ ಆರಂಭದಲ್ಲಿ, ಶಿರಸಿಯಿಂದ ಬನವಾಸಿಯ ಕಡೆಗಿರುವ ಹಳ್ಳಿಯೊಂದರ ಶಾಲೆಯಲ್ಲಿ ನಾನು ಅಕ್ಕೋರು, ಅಂದರೆ ಶಿಕ್ಷಕಿ, ಆಗಿದ್ದೆ. ಮಕ್ಕಳ ಖಾಸಗಿ ವಿವರಗಳುಳ್ಳ ರಜಿಸ್ಟರು ಮತ್ತು ಕಡತಗಳು ಗುಪ್ತ ದಾಖಲೆಗಳೆಂದೂ, ಅವನ್ನು ಬೀಗದೊಳಗೆ ಇಡತಕ್ಕದ್ದೆಂದೂ ಒಂದು ಸುತ್ತೋಲೆ ಬಂದಿತು. ನಮ್ಮ ಮುಖ್ಯೋಪಾಧ್ಯಾಯರಿಗೆ ಓದಲು ಬರುತ್ತಿತ್ತು. ಅರ್ಥ ಮಾಡಿಕೊಳ್ಳುವುದು ಅವರ ಕರ್ತವ್ಯಗಳಲ್ಲಿ ಸೇರಿರಲಿಲ್ಲ. ಹಾಜರಿ ಪುಸ್ತಕದೊಂದಿಗೆ, ಪೊರಕೆ-ಬಕೆಟ್ಟುಗಳ ಪಟ್ಟಿಯಿದ್ದ ರಜಿಸ್ಟರನ್ನೂ ಟ್ರಂಕಿಗೆ ಹಾಕಿ, ಕೀಲಿಯನ್ನು ಜನಿವಾರಕ್ಕೆ ಕಟ್ಟಿಕೊಂಡರು. ವೈದ್ಯರು ಮಕ್ಕಳನ್ನು ಪರೀಕ್ಷಿಸಿ ಬರೆದುಕೊಟ್ಟ ಕಾರ್ಡುಗಳು ಮಾತ್ರ ಜಗಲಿಯ ಮೊಳೆಯಲ್ಲಿಯೇ ಉಳಿದವು; ತಪಾಸಣೆಗೆ ಬರುವ ಸಾಹೇಬರ ಕೈಗೆ ಬೇಗ ಸಿಗಬೇಕಿತ್ತಂತೆ.

ಮೂರನೆಯ ಇಯತ್ತೆಯ ಹುಡುಗಿಯೊಬ್ಬಳ ಕಾರ್ಡಿನಲ್ಲಿ ಮೂರ್ಛೆರೋಗವೆಂದು ಬರೆದಿತ್ತು. ಜಗಲಿಯಲ್ಲಿ ಮಳೆಗೆ ನಿಂತಿದ್ದ ಯಾರೋ ಅದನ್ನು ಓದಿದರು. ವಾರದೊಳಗೆ ಅವಳ ಮಣೆಯ ಎರಡೂ ಬದಿ ಖಾಲಿಯಾಯಿತು. ಮರುವಾರ ಅವಳೇ ಬರಲಿಲ್ಲ. ತಾಯಿ ಬಂದಳು.

“ಮಾಸ್ತರ, ಆ ಚೀಟಿ ಒಳಗ ಇಡ್ರಿ. ಅಕಿ ಸಾಲಿಗೆ ಬರಾಕ ಒಲ್ಲೆ ಅಂತಾಳ.”

“ರಟ್ಟು ಇದ್ದದ್ದು ರಜಿಸ್ಟರು, ಲಾಡಿ ಕಟ್ಟಿದ್ದು ಕಡತ. ಇದು ಬಿಡಿ ಕಾರ್ಡು ತಂಗಿ, ದಾಖಲೆ ಅಲ್ಲ,” ಎಂದರು ಮುಖ್ಯೋಪಾಧ್ಯಾಯರು.

ನಾನು ವಾದಿಸಿದೆ. “ಅಕ್ಕೋರೆ, ನೀವು ಮಗ್ಗಿ ಹೇಳ್ಕೊಡಿ, ಸಾಕು,” ಎಂದರು.

ನಾನೇನೂ ಅವರಿಗಿಂತ ದೊಡ್ಡ ಜಾಣೆಯಲ್ಲ. ಮೊಳೆಯತ್ತ ಕೈಚಾಚುವ ಬದಲು, ಸ್ಪಷ್ಟೀಕರಣ ಕೋರಿ ಮೇಲಧಿಕಾರಿಗಳಿಗೆ ಒಂದು ದೋಷವಿಲ್ಲದ ಅರ್ಜಿ ಬರೆದೆ. ಅದು ಮುಖ್ಯೋಪಾಧ್ಯಾಯರ ಮುಖಾಂತರವೇ ಹೋಗಬೇಕಿತ್ತು. ಅವರು ಅದಕ್ಕೆ ಲಾಡಿ ಕಟ್ಟಿ, ಗುಪ್ತವೆಂದು ಬರೆದು, ಟ್ರಂಕಿನೊಳಗಿಟ್ಟರು.

ಹದಿನೈದು ದಿನಗಳ ಮೇಲೆ ತಾಯಿ ಮತ್ತೆ ಬಂದಳು.

“ಇದು ದಾಖಲಿ ಅಲ್ಲ ಅಂದಿದ್ರಲ್ರಿ?”

“ಅಲ್ಲ ಅಂತ ಎಷ್ಟು ಸಲ ಹೇಳೂದು?”

ಅವಳು ಮಗಳ ಕಾರ್ಡನ್ನು ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಏಯ್, ಅದು ಸರಕಾರದ್ದು.”

“ಯಾವ ರಜಿಸ್ಟರಿನಾಗ ಐತಿ, ತೋರ್ಸ್ರಿ.”

ಅವರ ಕೈ ಜನಿವಾರದವರೆಗೆ ಹೋಗಿ ಅಲ್ಲಿಯೇ ನಿಂತಿತು.

ಮರುದಿನ ಹುಡುಗಿ ಬಂದಳು. ಕಾರ್ಡು ಹೋಗಿತ್ತೇ ಹೊರತು, ಓದಿದ್ದನ್ನು ಯಾರೂ ಮರೆತಿರಲಿಲ್ಲ. ನಾನು ಕುರ್ಚಿ ಬಿಟ್ಟು ಅವಳ ಪಕ್ಕದಲ್ಲಿ ಕುಳಿತು ಪಾಠ ಹೇಳಿದೆ. ಮೊದಲ ದಿನವೇ ಮಾಡಬಹುದಾಗಿದ್ದ ಕೆಲಸವದು. ಅದಕ್ಕೆ ಯಾರ ಸ್ಪಷ್ಟೀಕರಣವೂ ಬೇಕಿರಲಿಲ್ಲ. ಆಚೆಯ ಬದಿ ಸಂಜೆಯವರೆಗೂ ಖಾಲಿಯೇ ಇತ್ತು.