ಮಾನೇಸರ್‌ನಿಂದ ಬಂದ ಸಿಲಿಂಡರ್

ಅಹಲ್ಯಮ್ಮ ಯಾರನ್ನೂ ಸುಲಭಕ್ಕೆ ನಂಬುವವರಲ್ಲ. ಇಪ್ಪತ್ತೆರಡು ವರ್ಷದಿಂದ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಸಿಬ್ಬಂದಿಯ ರಜೆ ಅರ್ಜಿ ನೋಡುವ ಕೆಲಸ ಅವರದು. ಮೆಡಿಕಲ್ ಸರ್ಟಿಫಿಕೇಟ್ ಕೈಗೆ ಬಂದರೆ ಸಾಕು, ಜ್ವರ ನಿಜವೋ ಮದುವೆಗೆ ಹೋದದ್ದೋ ಹೇಳಿಬಿಡುತ್ತಾರೆ.

ಹಾಗಾಗಿ ಕೋವಿಡ್ ಎರಡನೇ ಅಲೆಯ ನೆನಪುಗಳನ್ನು ಪುಸ್ತಕ ಮಾಡುತ್ತೇವೆಂದು ಧಾರಿಣಿ ಎಂಬ ಹುಡುಗಿ ರಾಜಧಾನಿಯ ಲೋಧಿ ಕಾಲೋನಿಯ ಕನ್ನಡಿಗರ ಮನೆಗಳಿಗೆ ಮಾತು ರೆಕಾರ್ಡ್ ಮಾಡಿಕೊಳ್ಳಲು ಫೋನ್ ಹಿಡಿದು ಬಂದಾಗ, ಅವರು ಮೊದಲು ಕೇಳಿದ್ದು, "ಮಹಂತೇಶ್ ಏನು ಹೇಳಿದ್ರು?" ಎಂದು.

ಪಕ್ಕದ ಬ್ಲಾಕಿನ ಮಹಂತೇಶ್ ಆ ಏಪ್ರಿಲ್‌ನಲ್ಲಿ ಮಾನೇಸರ್‌ನ ಕಾರ್ಖಾನೆಯೊಂದರಿಂದ ಆಕ್ಸಿಜನ್ ಸಿಲಿಂಡರ್ ತಂದಿದ್ದರು. ಅದು ಮೇಲಿನ ಮನೆಯ ಲೀಲಮ್ಮನಿಗೆ ಹೋಯಿತು, ಲೀಲಮ್ಮ ಉಳಿದರು. ಎರಡೇ ದಿನಕ್ಕೆ ಅಹಲ್ಯಮ್ಮನ ಗಂಡ ಚಂದ್ರಕಾಂತ ತೀರಿಕೊಂಡರು. ನಮ್ಮ ಬಾಗಿಲು ದಾಟಿ ಮೇಲೆ ಹೋದದ್ದೇಕೆ? ಈ ಪ್ರಶ್ನೆ ಅಂದಿನಿಂದ ಅವರನ್ನು ಕೊರೆಯುತ್ತಿತ್ತು. ಲೀಲಮ್ಮ ಮಹಂತೇಶರ ದೂರದ ನೆಂಟರೆಂದು ಎಲ್ಲಿಂದಲೋ ಪತ್ತೆ ಹಚ್ಚಿಯೂ ಇದ್ದರು.

"ಆಂಟಿ, ಅಂಕಲ್ ನಿಮ್ಮ ಮುಂದೇನೇ ಹೇಳ್ತಾರಂತೆ. ಕರೀಲಾ?" ಎಂದಳು ಧಾರಿಣಿ.

"ಅಚ್ಛಾ! ಕರಿ, ಕರಿ. ಎಷ್ಟು ಸುಳ್ಳು ಹೇಳ್ತಾರೋ ನಾನೂ ನೋಡ್ತೀನಿ."

ಮಹಂತೇಶ್ ಬಂದು ಕುಳಿತರು. ಅಹಲ್ಯಮ್ಮನನ್ನು ಒಮ್ಮೆ ನೋಡಿ ಫೋನಿನ ಕಡೆ ತಿರುಗಿದರು. "ಇವರ ಬಾಗಿಲು ನಾನು ತಟ್ಟಲೇ ಇಲ್ಲ. ಅವಸರದಲ್ಲಿ ಸೀದಾ ಮೇಲೆ ಹೋದೆ. ತಪ್ಪು ನಂದೇ."

ಇಷ್ಟು ವರ್ಷ ಕೇಳಬೇಕೆಂದಿದ್ದ ಮಾತು ಅದು. ಆದರೂ ಅಹಲ್ಯಮ್ಮನಿಗೆ ಸಮಾಧಾನವಾಗಲಿಲ್ಲ. ಇಷ್ಟು ಸಲೀಸಾಗಿ ತಪ್ಪು ಒಪ್ಪಿಕೊಳ್ಳುವವರನ್ನು ಅವರು ಕಚೇರಿಯಲ್ಲಿ ಒಬ್ಬರನ್ನೂ ಕಂಡಿಲ್ಲ. ಈ ಮನುಷ್ಯ ಯಾರನ್ನೋ ಬಚಾವು ಮಾಡುತ್ತಿದ್ದಾನೆ. ಯಾರನ್ನು?

"ತಟ್ಟಿದ್ರಿ," ಎಂದರು ನಿಧಾನವಾಗಿ. "ಎರಡು ಸಲ ತಟ್ಟಿದ್ರಿ. ಆಕ್ಸಿಜನ್ ಬೇಕಾ ಅಂತ ಕೇಳಿದ್ರಿ."

"ಬಿಡಿ ಅಹಲ್ಯಮ್ಮ, ಈಗ ಯಾಕೆ ಅದೆಲ್ಲ..."

ಅವರು ಬಿಡಲಿಲ್ಲ. ಕಾಯಿಲೆ ಗೊತ್ತಾದರೆ ಕಾಲೋನಿಯವರು ದೂರ ಇಡುತ್ತಾರೆ, ಹಾಲಿನ ಭಯ್ಯಾ ಕೂಡ ಮೆಟ್ಟಿಲು ಹತ್ತುವುದಿಲ್ಲ ಎಂದು ಹೆದರಿ, ಚಿಲಕ ತೆಗೆಯದೆ ತಾವೇ ಕೂಗಿದ, ಇಷ್ಟು ವರ್ಷ ಮನಸ್ಸಿನಿಂದ ದೂರ ತಳ್ಳಿದ್ದ ಮಾತು ಈಗ ಸ್ಪಷ್ಟವಾಗಿ ನೆನಪಾಯಿತು. ಆ ಹೊತ್ತಿಗೆ ಚಂದ್ರಕಾಂತರಿಗೆ ಜ್ವರವಷ್ಟೇ ಇತ್ತು, ಆಕ್ಸಿಜನ್ ಬೇಕಾಗಲಾರದು ಎಂದುಕೊಂಡಿದ್ದರು. ಅಹಲ್ಯಮ್ಮನಿಗೆ ತಡೆಯಲಾಗದ ಅಳು ಬಂತು. ಅಳುತ್ತಲೇ ಧಾರಿಣಿಯ ಫೋನನ್ನು ತಮ್ಮ ಕಡೆ ಎಳೆದುಕೊಂಡರು.

"ಅವರು ಹೇಳಿದ್ದನ್ನ ಅಳಿಸಮ್ಮಾ. ನಾನು ಹೇಳ್ತೀನಿ, ಅದನ್ನ ರೆಕಾರ್ಡ್ ಮಾಡ್ಕೋ. ಒಳಗಿಂದ ನಾನೇ ಕೂಗಿದೆ. ನಮ್ಮನೇಲಿ ಎಲ್ಲರೂ ಚೆನ್ನಾಗಿದ್ದೀವಿ, ನೀವು ಮುಂದೆ ಹೋಗಿ ಅಂದೆ."