ಕರಡಿಗೆ ಬಿಟ್ಟ ಹಣ್ಣು

ಅರಣ್ಯ ಹಕ್ಕಿನ ಅರ್ಜಿಗೆ ನಕ್ಷೆ ಬರೆದವನು ನಾನು. ಊರಿನಲ್ಲಿ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವನು ನಾನೊಬ್ಬನೇ ಎಂದು ಗ್ರಾಮಸಭೆ ಪೆನ್ನನ್ನು ನನ್ನ ಕೈಗೆ ಕೊಟ್ಟಿತ್ತು. ಸಂಡೂರಿನ ಗುಡ್ಡಗಳನ್ನು ಅದಿರಿಗಾಗಿ ಒಂದೊಂದಾಗಿ ಅಗೆಯುತ್ತಿದ್ದ ವರ್ಷಗಳು ಅವು. ನಮ್ಮ ಹಿಂದಿನ ಗುಡ್ಡವಾದರೂ ಊರಿನ ಹಕ್ಕಾಗಿ ಉಳಿಯಲಿ ಎಂಬುದು ಎಲ್ಲರ ಆಸೆ.

ಗುಡ್ಡ ತೋರಿಸಲು ಬಂದವಳು ದೊಡ್ಡವ್ವ. ಅಲ್ಲಿನ ಸೀತಾಫಲವನ್ನು ಹೊಸಪೇಟೆಯಲ್ಲಿ ಮಾರಿಯೇ ಮೂರು ಹೆಣ್ಣುಮಕ್ಕಳನ್ನು ಸಾಕಿದವಳು. ನಾನು ಏದುಸಿರು ಬಿಡುತ್ತಾ ಹಿಂದೆ ಉಳಿದೆ.

"ಏನಲೇ, ಓದಿ ಓದಿ ಕಾಲು ಬಿದ್ದುಹೋದ್ವೇನು?"

ಅರ್ಧ ಗುಡ್ಡದಲ್ಲಿ ಒಂದು ಸೀಳುಬಂಡೆ. ಅಲ್ಲಿ ನಿಂತಳು. ಅದರಾಚೆ ಗಿಡದ ತುಂಬ ಹಣ್ಣು ಕಣ್ಣುಬಿಟ್ಟಿದ್ದವು.

"ಇಲ್ಲಿಗೆ ಸಾಕು. ಮ್ಯಾಲಿಂದು ಕರಡಿ ಪಾಲು. ನಮ್ಮವ್ವನೂ ದಾಟಿದಾಕಿ ಅಲ್ಲ."

"ಒಂದು ಬುಟ್ಟಿನೂ ಹರಿಯಂಗಿಲ್ಲೇನು?"

"ಹರಿದ್ರ ಅದು ಕೆಳಗ ಬರ್ತದ. ನಿನ್ನ ಮನಿಗೆ ಉಣ್ಣಾಕ ಕರಕೊಂಡು ಹೋಗ್ತೀಯೇನು?"

ಊರವರು ಬಳಸುವ ಜಾಗ ಗುರುತಿಸಬೇಕಿತ್ತು. ನಕ್ಷೆಯ ಗೆರೆಯನ್ನು ಸೀಳುಬಂಡೆಗೇ ನಿಲ್ಲಿಸಿದೆ. ಸುಳ್ಳು ಬರೆಯಬಾರದೆಂಬ ಓದಿದವನ ಹಟ. ಕಾಡನ್ನು ಕಾಯುವುದೂ ಹಕ್ಕೇ, ಕಾಯ್ದು ಬಿಟ್ಟ ಜಾಗವನ್ನೂ ಕೇಳಬಹುದು ಎಂದು ಕಾಯ್ದೆಯಲ್ಲಿತ್ತು. ಆ ಪುಟವನ್ನು ಆಗಲೇ ಓದಿದ್ದೆನೋ, ಆಮೇಲೆ ಓದಿದೆನೋ, ಹೇಳಲಾರೆ. ಆಮೇಲೆ ಓದಿದೆ ಎಂದುಕೊಂಡರೆ ನಿದ್ದೆ ಬರುತ್ತದೆ. "ಮೇಲಿನದನ್ನೂ ಸೇರಿಸಲೇನು?" ಎಂದು ದೊಡ್ಡವ್ವನನ್ನು ಕೇಳಿದ ನೆನಪಿದೆ. ಅವಳ ಉತ್ತರದ ನೆನಪಿಲ್ಲ. ಬಹುಶಃ ನಾನು ಆ ಪ್ರಶ್ನೆಯನ್ನೇ ಕೇಳಿಲ್ಲ.

ತಾಲ್ಲೂಕು ಕಚೇರಿಯಲ್ಲಿ ಅಧಿಕಾರಿ ನಕ್ಷೆಯ ಖಾಲಿ ಭಾಗದ ಮೇಲೆ ಬೆರಳಿಟ್ಟರು.

"ಇಲ್ಲಿ ನಿಮ್ಮದೇನಿಲ್ಲಲ್ರೀ?"

"ಅದು ಕರಡಿಗೆ ಬಿಟ್ಟದ್ದು, ಸರ್."

"ಕರಡಿ ಅರ್ಜಿ ಹಾಕೇತೇನ್ರೀ?"

ಸುತ್ತ ಕುಳಿತವರು ನಕ್ಕರು. ನಾನೂ ನಕ್ಕೆನೆಂದು ತೋರುತ್ತದೆ.

ಯಾರೂ ಬಳಸದ ಜಾಗವೆಂದು ಮೇಲಿನ ಗುಡ್ಡ ಗಣಿಗೆ ಹೋಯಿತು. ಕೆಳಗಿನದಕ್ಕೆ ಹಾಕಿದ ಅರ್ಜಿ ಪರಿಶೀಲನೆಯಲ್ಲಿದೆ ಎಂದೇ ಪ್ರತಿ ಸಲವೂ ಹೇಳಿದರು. ಮುಂದಿನ ಹಣ್ಣಿನ ಕಾಲಕ್ಕೆ ಸೀಳುಬಂಡೆ ಇರಲಿಲ್ಲ, ಲಾರಿ ದಾರಿಯಿತ್ತು. ಕರಡಿ ಕೆಳಗಿಳಿಯಿತು. ಕೆಂಪು ಧೂಳು ಕೂತ ಗಿಡಗಳಲ್ಲಿ ಹಣ್ಣೂ ಕಡಿಮೆ. ದೊಡ್ಡವ್ವ ಊರಿಗೆ ಹತ್ತಿರದ ಇನ್ನೊಂದು ಕಲ್ಲಿನ ಬಳಿ ನಿಂತು, ಅದರ ಮೇಲಿನದನ್ನು ಹರಿಯಲಿಲ್ಲ.

"ಇದೂ ಬಿಟ್ರ ನಿನಗೇನು ಉಳೀತದ, ದೊಡ್ಡವ್ವ?"

"ಕರಡಿಗರ ಮ್ಯಾಲ ಏನೈತಿ?"

ಮರುವರ್ಷ ಕರಡಿ ಆ ಕಲ್ಲನ್ನೂ ದಾಟಿ ಬಂತು. ಅವಳು ಹಣ್ಣಿನ ಬುಟ್ಟಿಯನ್ನು ಕೋಳಿಮರಿಗಳ ಮೇಲೆ ಕವುಚಿಟ್ಟು, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಗುತ್ತಿಗೆ ಕೆಲಸಕ್ಕೆ ಬಸ್ಸು ಹತ್ತಿದಳು.